ದೊಡ್ಡ ಫೈಲ್ ಕಾಪಿ ಹಾಕಿದರೆ ಇಡೀ ಕಂಪ್ಯೂಟರ್ ನಿಂತುಬಿಡುತ್ತೆ, ಪ್ರೊಸೆಸರ್ ಬದಲಿಸಬೇಕಾ?

ಬೇಡ ಸರ್. ಪ್ರೊಸೆಸರ್‌ಗೆ ಈಗಲೇ ಒಂದು ರೂಪಾಯಿಯನ್ನೂ ಹಾಕಬೇಡಿ.

ನೀವು ಬರೆದದ್ದು ಇಷ್ಟು. ಹಾವೇರಿಯಲ್ಲಿ ಸ್ಟುಡಿಯೋ, ವಿಂಡೋಸ್ ಹಾಕಿದ ಡೆಸ್ಕ್‌ಟಾಪ್, ಸಿ ಡ್ರೈವ್‌ಗೆ 256 ಜಿಬಿ ಎಸ್‌ಎಸ್‌ಡಿ, ವಿಡಿಯೋ ಎಲ್ಲಾ 2 ಟಿಬಿ ಹಾರ್ಡ್ ಡಿಸ್ಕ್‌ನಲ್ಲಿ. ಕ್ಯಾಮೆರಾ ಕಾರ್ಡ್ ಕಾಪಿ ಹಾಕಿದ ಎರಡು ನಿಮಿಷಕ್ಕೆ ಎಡಿಟಿಂಗ್ ನಿಲ್ಲುತ್ತೆ, ಫೋಲ್ಡರ್ ತೆರೆಯಲ್ಲ, ಮೌಸ್ ಮಾತ್ರ ಸುಮ್ನೆ ಓಡಾಡುತ್ತೆ. ಅಂಗಡಿಯವರ ಮಾತು ಕೇಳಿ ರ‍್ಯಾಮ್ 8ರಿಂದ 16 ಜಿಬಿ ಮಾಡಿಸಿದಿರಿ, ಏನೂ ಫರಕ್ ಬೀಳಲಿಲ್ಲ. ನಾನು ಗದಗಿನಲ್ಲಿ ಮದುವೆ ವಿಡಿಯೋ ಎಡಿಟಿಂಗ್ ಮಾಡುತ್ತೇನೆ, ನನಗೂ "ರ‍್ಯಾಮ್ ಹಾಕಸ್ರಿ, ಎಲ್ಲಾ ಸರಿ ಆಗ್ತದ" ಅಂತಲೇ ಹೇಳಿದ್ದರು. ಹಾಕಿಸಿದೆ. ಆಗಲಿಲ್ಲ.

ಮೊದಲು ಇದನ್ನು ಮಾಡಿ. ಕಾಪಿ ನಡೆಯುತ್ತಿರುವಾಗಲೇ ಟಾಸ್ಕ್ ಮ್ಯಾನೇಜರ್ ತೆರೆದು ಪರ್ಫಾರ್ಮೆನ್ಸ್‌ಗೆ ಹೋಗಿ, ಆ ಹಾರ್ಡ್ ಡಿಸ್ಕ್ ಮೇಲೆ ಕ್ಲಿಕ್ ಮಾಡಿ. ಅಲ್ಲಿ 100% ಅಂತ ಕಾಣುತ್ತೆ, ಎಲ್ಲರೂ ಅದನ್ನೇ ನೋಡಿ ಗಾಬರಿ ಆಗುತ್ತಾರೆ. ಆದರೆ 100% ಅಂದರೆ ಡಿಸ್ಕ್ ಒಂದು ಕ್ಷಣವೂ ಖಾಲಿ ಕೂತಿಲ್ಲ ಅಂತ ಅಷ್ಟೇ, ಎಷ್ಟು ಕೆಲಸ ಆಗುತ್ತಿದೆ ಅಂತ ಅದು ಹೇಳುವುದಿಲ್ಲ. ಅದರ ಕೆಳಗಿನ ಎರಡು ಅಂಕಿ ನೋಡಿ: ರೈಟ್ ಸ್ಪೀಡ್ (ಬರೆಯುವ ವೇಗ), ಆವರೇಜ್ ರೆಸ್ಪಾನ್ಸ್ ಟೈಮ್ (ಕೇಳಿದ್ದಕ್ಕೆ ಡಿಸ್ಕ್ ಉತ್ತರ ಕೊಡಲು ಹಿಡಿಯುವ ಸಮಯ). 100% ಇದ್ದು ಸೆಕೆಂಡಿಗೆ 150 ಎಂಬಿ ಬರೆಯುತ್ತಿದ್ದರೆ ಡಿಸ್ಕ್ ತನ್ನ ಕೆಲಸ ಸರಿಯಾಗಿ ಮಾಡುತ್ತಿದೆ. 100% ಇದ್ದು ಬರೀ 3 ಎಂಬಿ ಬರೆಯುತ್ತಾ, ರೆಸ್ಪಾನ್ಸ್ 1000 ಮಿಲಿಸೆಕೆಂಡ್ ದಾಟಿದರೆ ರೋಗ ಬೇರೆ. ನಿಮ್ಮದು ಈ ಎರಡನೇದೇ ಅಂತ ನನ್ನ ಅಂದಾಜು, ಯಾಕಂದ್ರೆ ಸಾಮಾನ್ಯ ಎಸ್‌ಡಿ ಕಾರ್ಡ್‌ನಿಂದ ಬರುವುದೇ ಸೆಕೆಂಡಿಗೆ ಹೆಚ್ಚೆಂದರೆ 90 ಎಂಬಿ, ಅಷ್ಟಕ್ಕೆ ಒಂದು ಒಳ್ಳೆಯ ಹಾರ್ಡ್ ಡಿಸ್ಕ್ ಕುಸಿಯಬಾರದು.

ಹಾಗಾದರೆ ಯಾಕೆ ಕುಸಿಯುತ್ತೆ? ಬ್ಯಾಡಗಿ ಮಾರ್ಕೆಟ್ ನಿಮಗೆ ಹತ್ತಿರವೇ ಅಲ್ವಾ, ಅಲ್ಲಿನ ಹಮಾಲರನ್ನು ನೋಡಿರುತ್ತೀರಿ. ಒಂದು ಲಾರಿಯ ಚೀಲ ಎಲ್ಲಾ ಒಂದೇ ಅಂಗಡಿಗೆ ಇಳಿಸು ಅಂದರೆ ಸರಸರ ಮುಗಿಸುತ್ತಾನೆ. ಅದೇ ಮನುಷ್ಯನಿಗೆ ಒಂದು ಚೀಲ ಇಲ್ಲಿಡು, ಈಗ ಆ ತುದಿಗೆ ಹೋಗಿ ಒಂದು ಹಿಡಿ ಮೆಣಸಿನಕಾಯಿ ತಾ, ಮತ್ತೆ ಬಂದು ಇನ್ನೊಂದು ಚೀಲ ಎತ್ತು ಅಂದರೆ ದಿನವೆಲ್ಲ ಓಡಾಟದಲ್ಲೇ ಹೋಗುತ್ತೆ. ಹಾರ್ಡ್ ಡಿಸ್ಕ್‌ನ ಹೆಡ್, ಅಂದರೆ ತಿರುಗುವ ತಟ್ಟೆಯ ಮೇಲೆ ಓದಿ ಬರೆಯುವ ಮುಳ್ಳು ಕೂಡ ಅಷ್ಟೇ. ನಿಮಿಷಕ್ಕೆ 7200 ಸುತ್ತು ತಿರುಗುವ ಡಿಸ್ಕ್‌ನಲ್ಲಿ ಒಂದು ಸುತ್ತಿಗೆ 8.3 ಮಿಲಿಸೆಕೆಂಡ್ ಬೇಕು. ಬೇಕಾದ ಜಾಗ ಹೆಡ್ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು ಕಾಯಬೇಕು, ಹೆಡ್ ಸರಿಯಲು ಇನ್ನೊಂದು 8-9 ಮಿಲಿಸೆಕೆಂಡ್. ಒಂದು ಜಿಗಿತಕ್ಕೆ 12-13 ಆಯ್ತು, ಅಂದರೆ ಸೆಕೆಂಡಿಗೆ ಸುಮಾರು 80 ಜಿಗಿತ. ಪ್ರತಿ ಜಿಗಿತಕ್ಕೆ 4 ಕೆಬಿ ಬರೆದರೆ ಸೆಕೆಂಡಿಗೆ 320 ಕೆಬಿ! ನೇರವಾಗಿ ಬರೆಯಲು ಬಿಟ್ಟರೆ 150 ಎಂಬಿ ಬರೆಯುವ ಅದೇ ಡಿಸ್ಕ್ ಇದು.

ಎರಡು ಕಾರ್ಡ್ ಒಟ್ಟಿಗೆ ಕಾಪಿ ಹಾಕಿ, ಅದೇ ಡಿಸ್ಕ್‌ನಿಂದ ಇನ್ನೊಂದು ಮದುವೆಯ ಟೈಮ್‌ಲೈನ್ ಓಡಿಸುತ್ತಾ ಕೂತರೆ ಹಮಾಲನ ಗತಿಯೇ. ಕಾರ್ಡ್‌ಗಳನ್ನು ಒಂದಾದ ಮೇಲೆ ಒಂದು ಹಾಕಿ. ನಂಬಿ, ಒಟ್ಟು ಸಮಯ ಕಡಿಮೆಯೇ ಆಗುತ್ತೆ.

ರ‍್ಯಾಮ್ ಯಾಕೆ ಉಪಯೋಗಕ್ಕೆ ಬರಲಿಲ್ಲ ಅಂತಲೂ ಹೇಳಿಬಿಡುತ್ತೇನೆ. ವಿಂಡೋಸ್ ಬರುವ ಡೇಟಾವನ್ನು ಮೊದಲು ರ‍್ಯಾಮ್‌ನಲ್ಲಿ ಇಟ್ಟುಕೊಂಡು ಆಮೇಲೆ ಡಿಸ್ಕ್‌ಗೆ ಬರೆಯುತ್ತೆ. ಕಾಪಿ ವಿಂಡೋದ ಗ್ರಾಫ್ ಗಮನಿಸಿದ್ದೀರಾ, ಶುರುವಿನಲ್ಲಿ ಗುಡ್ಡದ ಹಾಗೆ ಏರಿ ಆಮೇಲೆ ಧಡ್ ಅಂತ ಕೆಳಗೆ ಬೀಳುತ್ತೆ. ಗುಡ್ಡ ಇರುವವರೆಗೆ ರ‍್ಯಾಮ್, ಬಿದ್ದ ಮೇಲೆ ಡಿಸ್ಕ್‌ನ ನಿಜವಾದ ವೇಗ. ರ‍್ಯಾಮ್ ಜಾಸ್ತಿ ಮಾಡಿದರೆ ಗುಡ್ಡ ಸ್ವಲ್ಪ ಉದ್ದ ಆಗಬಹುದು, ಬೀಳುವುದು ತಪ್ಪಲ್ಲ. ದೊಡ್ಡ ಫೈಲ್‌ಗಳಿಗೆ ರೋಬೋಕಾಪಿ ಅಂತ ವಿಂಡೋಸ್‌ನಲ್ಲೇ ಒಂದು ಕಮಾಂಡ್ ಇದೆ, ಅದಕ್ಕೆ ಜೆ ಸ್ವಿಚ್ (/J) ಕೊಟ್ಟರೆ ಈ ರ‍್ಯಾಮ್ ದಾಸ್ತಾನು ಇಲ್ಲದೆ ನೇರ ಬರೆಯುತ್ತೆ. ನಾನು ಈಗ ಕಾರ್ಡ್ ಎಲ್ಲಾ ಅದರಲ್ಲೇ ಇಳಿಸುವುದು.

ಒಂದೇ ಕಾರ್ಡ್ ಹಾಕಿದರೂ, ಎಡಿಟಿಂಗ್ ಬಂದ್ ಇದ್ದರೂ ಹೀಗೇ ಆಗುತ್ತಾ? ಹಾಗಿದ್ದರೆ ನನ್ನ ಕಥೆ ಕೇಳಿ. ಬಸವ ಜಯಂತಿ ಆಸುಪಾಸಿನ ಮದುವೆ ಸುಗ್ಗಿ, ಮೂರು ಮದುವೆಯ ಕೆಲಸ ಬಾಕಿ, ಅಕ್ಕಿಕಾಳು ಬೀಳುವ ಶಾಟ್ ಕಟ್ ಮಾಡುವಾಗ ಪ್ರತಿ ಸಲ ಸಿಸ್ಟಂ ಅರ್ಧ ನಿಮಿಷ ಕಲ್ಲಿನಂತೆ ಕೂರುತ್ತಿತ್ತು. ರ‍್ಯಾಮ್ ಆಯ್ತು, ವಿಂಡೋಸ್ ಎರಡು ಸಲ ಫಾರ್ಮ್ಯಾಟ್ ಆಯ್ತು. ಕೊನೆಗೆ ಡಿಸ್ಕ್‌ನ ಆರೋಗ್ಯ ತೋರಿಸುವ ಕ್ರಿಸ್ಟಲ್ ಡಿಸ್ಕ್ ಇನ್ಫೋ ಅನ್ನುವ ಸಾಫ್ಟ್‌ವೇರ್ ಹಾಕಿ ನೋಡಿದೆ. ಮೇಲೆ ನೀಲಿ ಬಣ್ಣದಲ್ಲಿ ಗುಡ್ ಅಂತ ಇತ್ತು, ಆದರೆ ಕೆಳಗೆ ಸಿ7 ಅನ್ನುವ ಸಾಲಿನಲ್ಲಿ ಅಂಕಿ ಇತ್ತು, ಪ್ರತಿ ಕಾಪಿ ಆದಮೇಲೂ ಏರುತ್ತಿತ್ತು. ಅದು ಸಿಆರ್‌ಸಿ ಎರರ್, ಅಂದರೆ ಡಿಸ್ಕ್‌ಗೂ ಮದರ್‌ಬೋರ್ಡ್‌ಗೂ ನಡುವಿನ ದಾರಿಯಲ್ಲಿ ಡೇಟಾ ಕೆಡುತ್ತಿದೆ, ಮತ್ತೆ ಮತ್ತೆ ಕಳಿಸಬೇಕಾಗುತ್ತಿದೆ. (ಅಲ್ಲಿ ಅಂಕಿ ಹೆಕ್ಸ್‌ನಲ್ಲಿ, ಅಂದರೆ ಹತ್ತರ ಬದಲು ಹದಿನಾರರ ಲೆಕ್ಕದಲ್ಲಿ ಇರುತ್ತೆ, 10 ಅಂತ ಕಂಡರೆ 16 ಅಂತ ಓದಿ. ನಾನು ಮೊದಲು ತಪ್ಪು ಓದಿದ್ದೆ.) ವಿಂಡೋಸ್ ತನ್ನ ತೊಂದರೆಗಳನ್ನು ಬರೆದಿಡುವ ಈವೆಂಟ್ ವ್ಯೂವರ್‌ನಲ್ಲೂ 129, 153 ನಂಬರಿನ ಸಾಲುಗಳು ರಾಶಿ ಬಿದ್ದಿದ್ದವು. 129 ಅಂದರೆ ಉತ್ತರ ಬಾರದೆ ವಿಂಡೋಸ್ ಡಿಸ್ಕ್‌ಗೆ ರಿಸೆಟ್ ಕೊಟ್ಟದ್ದು, 153 ಅಂದರೆ ಅದೇ ಕೆಲಸವನ್ನು ಮತ್ತೊಮ್ಮೆ ಮಾಡಿಸಿದ್ದು.

ಕ್ಯಾಬಿನೆಟ್ ಬಿಚ್ಚಿದೆ. ಕೆಂಪು ಧೂಳು ಬೆರಳಿಗೆ ಮೆತ್ತುವಷ್ಟು. ಡಿಸ್ಕನ್ನು ಬೋರ್ಡ್‌ಗೆ ಜೋಡಿಸುವ ಸಾಟಾ ಕೇಬಲ್ ಪಕ್ಕದ ಬಾಗಿಲಿಗೆ ಒತ್ತಿ ಮಡಚಿಕೊಂಡಿತ್ತು, ಕ್ಲಿಪ್ ಮುರಿದಿತ್ತು, ಮುಟ್ಟಿದರೆ ಅಲ್ಲಾಡುತ್ತಿತ್ತು. ರಾತ್ರಿ ಹನ್ನೊಂದಕ್ಕೆ ಹುಬ್ಬಳ್ಳಿಗೆ ಹೋಗಿ ಕೇಬಲ್ ತರುವುದು ಎಲ್ಲಿಂದ? ಆಗ ಕಣ್ಣಿಗೆ ಬಿದ್ದದ್ದು ಡಿವಿಡಿ ಡ್ರೈವ್. ಯಾವ ಕಾಲದಿಂದಲೋ ಯಾರೂ ಅದರ ಬಾಯಿ ತೆರೆಸಿರಲಿಲ್ಲ. ಅದರ ಕೇಬಲ್ ಕಿತ್ತು ಹಾರ್ಡ್ ಡಿಸ್ಕ್‌ಗೆ ಹಾಕಿದೆ, ಸಿ7 ಅಲ್ಲಿಗೇ ನಿಂತಿತು. ಹಳೆಯ ಅಂಕಿ ಸೊನ್ನೆಗೆ ವಾಪಸ್ ಬರಲ್ಲ, ಏರದಿದ್ದರೆ ಸಾಕು.

ಅದೇ ಪಟ್ಟಿಯಲ್ಲಿ 05 ಮತ್ತು ಸಿ5 ಕೂಡ ನೋಡಿ. 05 ಅಂದರೆ ಕೆಟ್ಟುಹೋಗಿ ಡಿಸ್ಕ್ ಬದಲಿ ಜಾಗ ಕೊಟ್ಟಿರುವ ಜಾಗಗಳು, ಸಿ5 ಅಂದರೆ ಓದಲು ಆಗದೆ ಒದ್ದಾಡುತ್ತಿರುವ ಜಾಗಗಳು. ಅಲ್ಲಿ ಸೊನ್ನೆ ಬಿಟ್ಟು ಬೇರೆ ಅಂಕಿ ಇದ್ದರೆ ಬೇರೆ ಎಲ್ಲಾ ಬಿಡಿ, ಮೊದಲು ಗಿರಾಕಿಗಳ ಮದುವೆಗಳನ್ನು ಬೇರೆ ಡಿಸ್ಕ್‌ಗೆ ಇಳಿಸಿ.

ಕೇಬಲ್ ಸರಿ ಇದೆ, ಅಂಕಿಗಳೂ ಸರಿ ಇವೆ, ಆದರೂ ಹದಿನೈದು ಇಪ್ಪತ್ತು ನಿಮಿಷ ಚೆನ್ನಾಗಿ ಬರೆದು ಆಮೇಲೆ ಕುಸಿಯುತ್ತೆ ಅಂದರೆ ಡಿಸ್ಕ್‌ನ ಜಾತಿಯೇ ಬೇರೆ ಇರಬಹುದು. ಎಸ್‌ಎಂಆರ್ ಅಂತಾರೆ. ಮನೆ ಮೇಲೆ ಹಂಚು ಒಂದರ ಮೇಲೊಂದು ಸ್ವಲ್ಪ ಹತ್ತಿಸಿ ಹೊದಿಸುತ್ತಾರಲ್ಲ, ಹಾಗೆ ಡೇಟಾ ಸಾಲುಗಳನ್ನು ಹತ್ತಿಸಿ ಜಾಸ್ತಿ ತುಂಬಿಸಿರುತ್ತಾರೆ. ನಡುವಿನ ಒಂದು ಹಂಚು ಬದಲಿಸಬೇಕಾದರೆ ಅದರ ಮೇಲೆ ಹತ್ತಿದ ಹಂಚನ್ನೂ ಎತ್ತಬೇಕು, ಇಲ್ಲೂ ಅದೇ ಕಥೆ. ಬರೆಯುವುದನ್ನು ಮೊದಲು ಒಂದು ಚಿಕ್ಕ ಜಾಗದಲ್ಲಿ ಇಟ್ಟುಕೊಂಡು ಬಿಡುವಾದಾಗ ಜೋಡಿಸುತ್ತೆ, ನಾವು ಬಿಡುವೇ ಕೊಡದಿದ್ದರೆ ಆ ಜಾಗ ತುಂಬಿ ಉಸಿರು ಕಟ್ಟುತ್ತೆ. ಡಬ್ಬಿ ಮೇಲೆ ಇದನ್ನು ಬರೆಯದೆ ಮಾರಿದ್ದು 2020ರಲ್ಲಿ ದೊಡ್ಡ ಗಲಾಟೆ ಆಗಿ, ಆಮೇಲೆ ಕಂಪನಿಗಳು ಯಾವ ಮಾಡೆಲ್ ಯಾವ ಜಾತಿ ಅಂತ ಪಟ್ಟಿ ಹಾಕಿದವು. ನಿಮ್ಮ ಮಾಡೆಲ್ ನಂಬರ್ ಹಾಕಿ ಹುಡುಕಿ. ಸಿಎಂಆರ್ (ಸಾಲುಗಳನ್ನು ಹತ್ತಿಸದ ಜಾತಿ) ಅಂತ ಬಂದರೆ ಒಳ್ಳೆಯದು. ಎಸ್‌ಎಂಆರ್ ಅಂತ ಬಂದರೆ ಮುಗಿದ ಕೆಲಸ ಇಡುವುದಕ್ಕೆ ಮಾತ್ರ ಬಳಸಿ.

ಸಿ ಡ್ರೈವ್ ತುಂಬಿ ಅದರ ಗೆರೆ ಕೆಂಪಾಗಿದೆಯಾ ಅಂತಲೂ ನೋಡಿ. ಎಡಿಟಿಂಗ್ ಸಾಫ್ಟ್‌ವೇರ್‌ನ ಪ್ರಿವ್ಯೂ ಫೈಲ್‌ಗಳು ಗೊತ್ತಾಗದ ಹಾಗೆ ಅಲ್ಲಿ ತುಂಬಿರುತ್ತವೆ, ಎಸ್‌ಎಸ್‌ಡಿ ತುಂಬಿದಷ್ಟೂ ಬರೆಯುವುದು ನಿಧಾನ. 15-20% ಖಾಲಿ ಬಿಡಿ. ವಿಡಿಯೋ ಫೋಲ್ಡರನ್ನು ಸರ್ಚ್ ಇಂಡೆಕ್ಸಿಂಗ್‌ನಿಂದ (ಹುಡುಕಲು ಸುಲಭ ಆಗಲಿ ಅಂತ ವಿಂಡೋಸ್ ಮಾಡಿಡುವ ಫೈಲ್ ಪಟ್ಟಿ) ತೆಗೆದುಬಿಡಿ.

ಒಂದು ಮಾತ್ರ ಮಾಡಬೇಡಿ. ಡಿವೈಸ್ ಮ್ಯಾನೇಜರ್‌ನಲ್ಲಿ ರೈಟ್ ಕ್ಯಾಶ್ ಬಫರ್ ಫ್ಲಶಿಂಗ್ ಆಫ್ ಮಾಡು ಅಂತ ಒಂದು ಟಿಕ್ ಇದೆ, ವೇಗ ಆಗುತ್ತೆ ಅಂತ ಸುಮಾರು ವಿಡಿಯೋಗಳಲ್ಲಿ ತೋರಿಸುತ್ತಾರೆ. ಬರೆಯುವಾಗ ಕರೆಂಟ್ ಹೋದರೆ ಫೈಲ್ ಹಾಳಾಗುವ ಅಪಾಯ ಇದರಿಂದ ಜಾಸ್ತಿ ಆಗುತ್ತೆ. ನಮ್ಮ ಕಡೆ ಬೇಸಿಗೆಯಲ್ಲಿ ಕರೆಂಟ್ ಹೇಗೆ ಅಂತ ನಿಮಗೆ ನಾನು ಹೇಳಬೇಕಾ?

ದುಡ್ಡು ಹಾಕಲೇಬೇಕು ಅಂತಿದ್ದರೆ ಪ್ರೊಸೆಸರ್ ಬದಲು 1 ಟಿಬಿ ಎಸ್‌ಎಸ್‌ಡಿ ತಗೊಳ್ಳಿ. ಬೋರ್ಡ್‌ನಲ್ಲಿ ಎಂ.2 ಅನ್ನುವ ಜಾಗ ಇದ್ದರೆ ಅದರಲ್ಲಿ ನೇರ ಕೂರುವ, ಹೆಚ್ಚು ವೇಗದ ಎನ್‌ವಿಎಂಇ, ಇಲ್ಲದಿದ್ದರೆ ಕೇಬಲ್‌ನಲ್ಲಿ ಹಾಕುವ ಸಾಟಾ, ಅದೂ ಸೆಕೆಂಡಿಗೆ 500 ಎಂಬಿ ಆಸುಪಾಸು ಕೊಡುತ್ತೆ. ನಡೆಯುತ್ತಿರುವ ಮದುವೆ ಅದರಲ್ಲಿ, ಮುಗಿದದ್ದು ಹಾರ್ಡ್ ಡಿಸ್ಕ್‌ನಲ್ಲಿ. ಆದರೆ ಅದಕ್ಕೂ ಮೊದಲು ಕ್ಯಾಬಿನೆಟ್ ಬಿಚ್ಚಿ ಕೇಬಲ್ ನೋಡಿ. ಸಿ7 ಅಂಕಿ ಮತ್ತು ಡಿಸ್ಕ್ ಮಾಡೆಲ್ ನಂಬರ್ ಬರೆಯಿರಿ, ನೋಡಿ ಹೇಳುತ್ತೇನೆ.