ಮೊಸರಿನ ಸಕ್ಕರೆ, ಮಾಲ್ಟಿನ ಸಕ್ಕರೆ

ಪ್ರಶ್ನೆ: ನಮ್ಮ ಅತ್ತೆಯವರಿಗೆ 68 ವರ್ಷ, ಶುಗರ್ ಇದೆ. ಮೊಸರಿನ ಪ್ಯಾಕೆಟ್ ಮೇಲೆ 100 ಗ್ರಾಂಗೆ ‘ಟೋಟಲ್ ಶುಗರ್ಸ್ 4.5, ಆಡೆಡ್ ಶುಗರ್ಸ್ 0’ ಅಂತ ಓದಿ ಮೊಸರನ್ನೇ ಬಿಟ್ಟಿದ್ದಾರೆ. ಬದಲಿಗೆ ಬೆಲ್ಲದ ರಾಗಿ ಮಾಲ್ಟ್ ಕುಡಿಯುತ್ತಾರೆ. ಅದರ ಡಬ್ಬಿಯಲ್ಲಿ ಟೋಟಲ್ 36, ಆಡೆಡ್ 30 ಅಂತಿದೆ. ಅಂದರೆ ಒಟ್ಟು 66 ಗ್ರಾಂ ಸಕ್ಕರೆನಾ ಮೇಡಂ?
– ಓದುಗರು, ಅರಸೀಕೆರೆ

ಉತ್ತರ: ಮೊದಲು ಅತ್ತೆಯವರಿಗೆ ಮೊಸರು ಬಡಿಸಿ, ಆಮೇಲೆ ಲೆಕ್ಕ ನೋಡೋಣ.

66 ಅಲ್ಲ, 36 ಅಷ್ಟೇ. ಆ 36ರ ಒಳಗೇ 30 ಸೇರಿದೆ. ಟೋಟಲ್ ಎಂದರೆ ಆ ಪದಾರ್ಥದಲ್ಲಿರುವ ಎಲ್ಲ ಸಕ್ಕರೆ. ಆಡೆಡ್ ಎಂದರೆ ಅದರಲ್ಲಿ ಕಂಪನಿಯವರು ಸುರಿದಿದ್ದು ಎಷ್ಟು ಅಂತ. ನಿಮ್ಮ ಮೊಸರಿನಲ್ಲಿ ಯಾರೂ ಏನೂ ಸುರಿದಿಲ್ಲ. ಹಾಲಿನಲ್ಲೇ 100 ಮಿಲಿಗೆ ನಾಲ್ಕೂವರೆ, ಐದು ಗ್ರಾಂ ಲ್ಯಾಕ್ಟೋಸ್, ಅಂದರೆ ಹಾಲಿನದೇ ಸಹಜ ಸಕ್ಕರೆ ಇರುತ್ತದೆ. ಹೆಪ್ಪು ಹಾಕಿದಾಗ ಅದರಲ್ಲೂ ಒಂದಷ್ಟು ಹುಳಿಯಾಗುತ್ತದೆ. ಸಿಹಿ ಬೆರೆಸದ ಮೊಸರನ್ನು ಊಟದ ಜೊತೆ ಒಂದು ಬಟ್ಟಲು ತಿನ್ನಲು ಹೆದರಬೇಕಿಲ್ಲ.

ಈಗ ಬೆಲ್ಲದ ವಿಷಯ. ನಾನು ಮಂಡ್ಯದವಳು, ಆಲೆಮನೆಯ ಬಿಸಿ ಬೆಲ್ಲ ನೆಕ್ಕಿ ಬೆಳೆದವಳು. ಬೆಲ್ಲದ ಮೇಲೆ ದೂರು ಹೇಳಲು ನನಗೇ ಮನಸ್ಸಿಲ್ಲ. ಆದರೂ ಬೆಲ್ಲದ ಬಹುಪಾಲು ಸುಕ್ರೋಸ್, ಅಂದರೆ ಸಕ್ಕರೆಯೇ. ಮಾಲ್ಟಿಗೆ ಬೆರೆಸಿದ ಬೆಲ್ಲ, ಜೇನು, ಲಿಕ್ವಿಡ್ ಗ್ಲೂಕೋಸ್, ಎಲ್ಲವೂ ಆಡೆಡ್ ಲೆಕ್ಕಕ್ಕೇ ಬರುತ್ತವೆ. ಡಬ್ಬಿಯ ಅಂಕಿ 100 ಗ್ರಾಂ ಪುಡಿಗೆ ಬರೆದಿದ್ದು ತಾನೇ? ಒಂದು ಲೋಟಕ್ಕೆ 20 ಗ್ರಾಂ ಪುಡಿ ಹಾಕಿದರೆ ಆಡೆಡ್ ಸಕ್ಕರೆ 6 ಗ್ರಾಂ, ಒಂದು ಟೀ ಚಮಚಕ್ಕಿಂತ ಸ್ವಲ್ಪ ಜಾಸ್ತಿ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2024ರ ಮಾರ್ಗಸೂಚಿ ದಿನಕ್ಕೆ 25 ಗ್ರಾಂ ದಾಟಿದರೆ ಅತಿಯಾಯಿತು ಅನ್ನುತ್ತದೆ. ಅದು ಆರೋಗ್ಯವಂತರಿಗೆ ಹೇಳಿದ ಮಾತು. ಶುಗರ್ ಇರುವವರು ಅದರ ತನಕ ಹೋಗುವುದೇ ಬೇಡ. ಮಾಲ್ಟ್ ಸಪ್ಪೆ ಅಂತ ಮೇಲೆ ಇನ್ನೊಂದು ತುಂಡು ಬೆಲ್ಲ ಬೀಳುತ್ತಿದ್ದರೆ ಅದನ್ನೂ ಕೂಡಿಸಿ. ಬೀಳುತ್ತಿರುತ್ತದೆ, ನನಗೆ ಗೊತ್ತು!

ಹಾಗಂತ ಆಡೆಡ್ ಸೊನ್ನೆ ಇದ್ದಿದ್ದೆಲ್ಲ ಸಾಧು ಅಂದುಕೊಳ್ಳಬೇಡಿ. ಸಕ್ಕರೆ ಬೆರೆಸದ ಕಿತ್ತಳೆ ಜ್ಯೂಸ್ 200 ಮಿಲಿ ಕುಡಿದರೆ ಹೆಚ್ಚುಕಡಿಮೆ ನಾಲ್ಕು ಚಮಚ ಸಕ್ಕರೆ ಒಳಗೆ ಹೋಗುತ್ತದೆ, ಹಣ್ಣಿನ ನಾರು ಮಾತ್ರ ಹೋಗುವುದಿಲ್ಲ. ಇನ್ನೊಂದು ಕಿಲಾಡಿ ಮಾಲ್ಟೋಡೆಕ್ಸ್‌ಟ್ರಿನ್. ಪುಡಿ ಡಬ್ಬಿಗಳಲ್ಲಿ ಇದು ಆಗಾಗ ಸಿಗುತ್ತದೆ. ಪಿಷ್ಟದಿಂದ ಮಾಡುವ ಇದು ಸಕ್ಕರೆಯ ಸಾಲಿನಲ್ಲಿ ಕಾಣಿಸುವುದಿಲ್ಲ, ಮೇಲಿನ ಕಾರ್ಬೋಹೈಡ್ರೇಟ್ ಸಾಲಿನಲ್ಲಿ ಅಡಗಿರುತ್ತದೆ. ರಕ್ತದ ಶುಗರ್ ಏರಿಸುವುದರಲ್ಲಿ ಮಾತ್ರ ಗ್ಲೂಕೋಸಿಗೆ ಹತ್ತಿರ ಹತ್ತಿರ. ಇಂಗ್ರೀಡಿಯೆಂಟ್ಸ್ ಪಟ್ಟಿಯಲ್ಲಿ ಜಾಸ್ತಿ ತೂಕದ್ದನ್ನು ಮೊದಲು ಬರೆಯಬೇಕು ಅನ್ನುವ ನಿಯಮ ಇದೆ. ನಿಮ್ಮ ಡಬ್ಬಿ ತಿರುಗಿಸಿ ನೋಡಿ, ರಾಗಿಗಿಂತ ಮೊದಲೇ ಬೆಲ್ಲವೋ ಮಾಲ್ಟೋಡೆಕ್ಸ್‌ಟ್ರಿನ್ನೋ ಇದ್ದರೆ ಅದನ್ನು ರಾಗಿ ಮಾಲ್ಟ್ ಅನ್ನುವುದೇ ಕಷ್ಟ.

ಅತ್ತೆಯವರಿಗೆ ರಾಗಿಯೇ ಬೇಕೆಂದರೆ ಮನೆಯ ಹಿಟ್ಟಿನಲ್ಲಿ ಅಂಬಲಿ ಕಾಯಿಸಿ, ಆರಿದ ಮೇಲೆ ಮಜ್ಜಿಗೆ, ಚಿಟಿಕೆ ಉಪ್ಪು, ಹೆಚ್ಚಿದ ಈರುಳ್ಳಿ ಹಾಕಿ ಕೊಡಿ. ರಾಗಿಯಲ್ಲೂ ಪಿಷ್ಟ ಇದೆ, ಒಂದು ಲೋಟ ಸಾಕು. ಮನೆಯಲ್ಲಿ ಗ್ಲೂಕೋಮೀಟರ್ ಇದ್ದರೆ ಕುಡಿದ 2 ಗಂಟೆಗೆ ಒಮ್ಮೆ ನೋಡಿ ಬರೆದಿಟ್ಟುಕೊಳ್ಳಿ. ಮುಂದಿನ ಸಲ ಡಾಕ್ಟರ ಹತ್ತಿರ ಹೋಗುವಾಗ ಆ ಚೀಟಿಯ ಜೊತೆ ಮಾಲ್ಟಿನ ಡಬ್ಬಿಯನ್ನೂ ತೆಗೆದುಕೊಂಡು ಹೋಗಿ.