ಪೈಥಾನ್ ಓಡಿಸಲು ಕೊಟ್ಟ ಅನುಮತಿ ಎಲ್ಲಿಯವರೆಗೆ?

ಪ್ರಶ್ನೆ: ಅಂಗಡಿಗಳ ಮಾರಾಟದ ಲೆಕ್ಕವನ್ನು ವಿಶ್ಲೇಷಿಸುವ ಒಂದು ತಂತ್ರಾಂಶವನ್ನು ಟೈಪ್‌ಸ್ಕ್ರಿಪ್ಟ್‌ನಲ್ಲಿ ಬರೆದು, ಆ ಪ್ರೋಗ್ರಾಮಿಂಗ್ ಭಾಷೆಯ ಕೋಡನ್ನು ಓಡಿಸುವ ಡೆನೋದಲ್ಲಿ ಓಡಿಸುತ್ತಿದ್ದೇನೆ. ಬೇರೆಯವರು ಬರೆದ ಪೈಥಾನ್ ಕೋಡನ್ನೂ ಬಳಕೆದಾರರು ಅದರೊಳಗಿಂದ ಓಡಿಸಬಹುದು. ಅದಕ್ಕೆ ಮುಂಚೆ ಡೆನೋ ಅವರ ಅನುಮತಿ ಕೇಳುತ್ತದೆ. ಒಂದು ಫೋಲ್ಡರ್ ಬಿಟ್ಟು ಬೇರೇನನ್ನೂ ಓದಲು, ಇಂಟರ್‌ನೆಟ್ ಬಳಸಲು ನಾನು ಅವಕಾಶ ಕೊಟ್ಟಿಲ್ಲ. ಇಷ್ಟು ಸಾಕೇ?

ಉತ್ತರ: ಸಾಲದು. ನೀವು ಹಾಕಿದ ಮಿತಿಗಳು ಡೆನೋದೊಳಗೆ ಓಡುವ ಕೋಡಿಗೆ ಮಾತ್ರ ಅನ್ವಯಿಸುತ್ತವೆ. ಪೈಥಾನನ್ನು ಕರೆದಾಗ ಆಪರೇಟಿಂಗ್ ಸಿಸ್ಟಂ ಬೇರೆಯದೇ ಪ್ರೋಸೆಸ್ (ಸ್ವತಂತ್ರವಾಗಿ ಓಡುವ ಪ್ರೋಗ್ರಾಂ) ಆರಂಭಿಸುತ್ತದೆ. ಅದಕ್ಕೆ ಆ ಮಿತಿಗಳಾವುವೂ ಇಲ್ಲ. ಟರ್ಮಿನಲ್‌ನಲ್ಲಿ ಮೂಡಿದ ಪ್ರಶ್ನೆಗೆ ಬಳಕೆದಾರರು ‘ವೈ’ ಒತ್ತಿದರೆಂದರೆ, ಆ ಪೈಥಾನ್ ಕೋಡು ಅವರ ಹೋಮ್ ಫೋಲ್ಡರಿನಲ್ಲಿರುವ ಎಸ್‌ಎಸ್‌ಎಚ್ ಕೀಗಳನ್ನು (ದೂರದ ಕಂಪ್ಯೂಟರಿಗೆ ಲಾಗಿನ್ ಆಗುವ ಗುಪ್ತ ಕೀಲಿಗಳನ್ನು) ಓದಿ, ದೂರದ ಯಾವುದೋ ಸರ್ವರಿಗೆ ಕಳಿಸಿಬಿಡಬಹುದು. ಡೆನೋದ ಕೈಪಿಡಿಯೇ ಈ ಎಚ್ಚರಿಕೆಯನ್ನು ಕೊಟ್ಟಿದೆ. ಪೈಥಾನ್ ಓಡಿಸಲಷ್ಟೇ ಒಪ್ಪಿದೆವೆಂದು ತಿಳಿದವರು ತಮ್ಮ ಖಾತೆಯ ಸಮಸ್ತವನ್ನೂ ಒಪ್ಪಿಸಿರುತ್ತಾರೆ. ಇಂಥ ಒಪ್ಪಿಗೆಯ ಹೊಣೆಯನ್ನು ಅವರ ತಲೆಗೆ ಕಟ್ಟುವುದು ನ್ಯಾಯವಲ್ಲ.

ಅಪಾಯಕಾರಿ ಫಂಕ್ಷನ್‌ಗಳನ್ನು ಪೈಥಾನಿನೊಳಗೇ ತೆಗೆದುಹಾಕಿದರಾಯಿತು ಎಂದು ಹಲವರು ಸಲಹೆ ಕೊಡುತ್ತಾರೆ. ಆ ದಾರಿ ಹಿಡಿಯಬೇಡಿ. ಇದೇ ಉದ್ದೇಶಕ್ಕಾಗಿ ಪೈಥಾನಿನಲ್ಲಿದ್ದ ‘ರೆಕ್ಸೆಕ್’ ಮಾಡ್ಯೂಲನ್ನು, ಅದರ ಭದ್ರತಾ ದೋಷಗಳನ್ನು ಸರಿಪಡಿಸಲಾಗದೆ, 2003ರಲ್ಲಿ ಬಂದ 2.3ನೇ ಆವೃತ್ತಿಯಲ್ಲೇ ನಿಷ್ಕ್ರಿಯಗೊಳಿಸಲಾಯಿತು.

ಲೆಕ್ಕದ ವಿಶ್ಲೇಷಣೆಯಷ್ಟೇ ಬೇಕಿದ್ದರೆ ನಾನು ಪಯೋಡೈಡನ್ನು ಆರಿಸುತ್ತೇನೆ. ಅದು ವೆಬ್‌ಅಸೆಂಬ್ಲಿಗೆ (ಬ್ರೌಸರಿನಂಥ ಪರಿಸರದೊಳಗೆ ಓಡುವ ಕೋಡಿನ ರೂಪ) ಕಂಪೈಲ್ ಮಾಡಿದ ಪೈಥಾನ್. ಲೆಕ್ಕದ ವಿಶ್ಲೇಷಣೆಗೆ ಬಳಸುವ ಪೈಥಾನ್ ಲೈಬ್ರರಿಗಳಾದ ನಂಪೈ, ಪಾಂಡಾಸ್ ಎರಡೂ ಅದರಲ್ಲಿ ಓಡುತ್ತವೆ. ಬೇರೆ ಪ್ರೋಸೆಸ್ ಹುಟ್ಟದೆ ಡೆನೋದೊಳಗೇ ಓಡುವುದರಿಂದ ನೀವು ಹಾಕಿದ ಮಿತಿಗಳು ಅದಕ್ಕೂ ಅನ್ವಯಿಸುತ್ತವೆ. ಆದರೆ ಪೈಥಾನ್ ಕೋಡು ಅಲ್ಲಿಂದ ಜಾವಾಸ್ಕ್ರಿಪ್ಟಿನ ಸೌಲಭ್ಯಗಳನ್ನೂ ಮುಟ್ಟಬಲ್ಲದಾದ್ದರಿಂದ, ನಿಮ್ಮ ತಂತ್ರಾಂಶಕ್ಕೆ ನೀವು ಕೊಟ್ಟ ಅನುಮತಿಗಳೆಲ್ಲ ಅದಕ್ಕೂ ಸಿಗುತ್ತವೆಂದು ತಿಳಿದೇ ಅವನ್ನು ಕೊಡಬೇಕು. ಪ್ರೋಸೆಸ್ ಆರಂಭಿಸುವ ಅನುಮತಿಯನ್ನಂತೂ ಕೊಡಲೇಬೇಡಿ.

ಪೂರ್ಣ ಪೈಥಾನೇ ಬೇಕೆಂದಾದರೆ ಅದನ್ನು ಡಾಕರ್‌ನಂಥ ಕಂಟೇನರಿನಲ್ಲಿ (ಪ್ರೋಗ್ರಾಮನ್ನು ಪ್ರತ್ಯೇಕವಾಗಿಡುವ ಆವರಣ), ರೂಟ್ (ಸರ್ವಾಧಿಕಾರವುಳ್ಳ ಖಾತೆ) ಅಲ್ಲದ ಬಳಕೆದಾರನ ಹೆಸರಿನಲ್ಲಿ, ನೆಟ್‌ವರ್ಕ್ ಪೂರ್ತಿ ಕಡಿದು, ಮೆಮೊರಿಗೂ ಸಮಯಕ್ಕೂ ಮಿತಿ ಹಾಕಿ, ಲೆಕ್ಕದ ಫೋಲ್ಡರನ್ನು ಓದುವುದಕ್ಕಷ್ಟೇ ಒದಗಿಸಿ ಓಡಿಸಿ. ಕಂಟೇನರುಗಳು ಮೂಲ ಯಂತ್ರದ ಕರ್ನಲ್ಲನ್ನೇ (ಆಪರೇಟಿಂಗ್ ಸಿಸ್ಟಂನ ತಿರುಳನ್ನೇ) ಹಂಚಿಕೊಳ್ಳುವುದರಿಂದ, ಕೋಡು ತೀರ ಅಪರಿಚಿತರದ್ದಾಗಿದ್ದರೆ ತನ್ನದೇ ಕರ್ನಲ್ ಇರುವ ವರ್ಚುವಲ್ ಮಷೀನ್ ಇನ್ನೂ ಮೇಲು.

ಅನುಮತಿ ಕೇಳುವುದು ಇಷ್ಟಾದ ಮೇಲೆ. ‘ಈ ಕೋಡು ಮಾರಾಟದ ಫೋಲ್ಡರನ್ನು ಓದುತ್ತದೆ, ಇಂಟರ್‌ನೆಟ್ ಬಳಸಲಾರದು’ ಎಂದು ಸ್ಪಷ್ಟವಾಗಿ ತಿಳಿಸಿ, ಕೋಡನ್ನೂ ತೋರಿಸಿ, ಆಮೇಲೆ ಕೇಳಿ. ಒಪ್ಪಿಗೆ ಸಿಕ್ಕ ಕೋಡಿನ ಹ್ಯಾಶ್ (ಕೋಡಿನಿಂದ ಲೆಕ್ಕಹಾಕಿದ ಗುರುತಿನ ಸಂಖ್ಯೆ) ಉಳಿಸಿಕೊಂಡಿದ್ದು, ಮುಂದೆ ಅದರಲ್ಲಿ ಒಂದಕ್ಷರ ಬದಲಾದರೂ ಮತ್ತೆ ಕೇಳಬೇಕು.