ಈಗ ತಾಳಿ, ಆಮೇಲೆ ಪ್ರಸ್ತ ಎಂದರೆ ಅಪಾಯ ತಪ್ಪುತ್ತದೆಯೇ?

ಪ್ರಶ್ನೆ: ನನ್ನ ಅಕ್ಕನ ಮಗಳಿಗೆ 16 ವರ್ಷ, ಎಸ್ಸೆಸ್ಸೆಲ್ಸಿ ಪಾಸಾಗಿದ್ದಾಳೆ. ಅಕ್ಕ, ಭಾವ ಕಾಫಿ ತೋಟದ ಕೆಲಸಕ್ಕೆ ಗುಳೆ ಹೋಗುವವರು. ವಯಸ್ಸಿಗೆ ಬಂದವಳನ್ನು ಯಾರ ಭರವಸೆಯ ಮೇಲೆ ಬಿಟ್ಟುಹೋಗುವುದೆಂದು ನನ್ನ ತಮ್ಮನಿಗೇ ಕೊಡಲು ಮಾತಾಗಿದೆ. ‘ಈಗ ತಾಳಿ ಕಟ್ಟಿಸೋಣ, 18 ತುಂಬಿದ ಮೇಲೆ ಪ್ರಸ್ತ ಮಾಡಿದರಾಯಿತು’ ಎನ್ನುತ್ತಾರೆ. ‘ಮೈನೆರೆದು ಮೂರು ವರ್ಷವಾಯಿತು, ನಾನು ಹದಿನೈದಕ್ಕೇ ಹೆರಲಿಲ್ಲವೇ’ ಎಂಬುದು ನಮ್ಮವ್ವನ ವಾದ. ಇದರಿಂದ ತೊಂದರೆಯಿದೆಯೇ? ತಡೆಯುವುದು ಹೇಗೆ?
– ಹೆಸರು ಬೇಡ, ಚಳ್ಳಕೆರೆ ತಾಲ್ಲೂಕು

ಉತ್ತರ: ಮೈನೆರೆದ ಮಾತ್ರಕ್ಕೆ ದೇಹ ಹೆರಿಗೆಗೆ ಸಿದ್ಧವಾಗುವುದಿಲ್ಲ. ಮುಟ್ಟು ಆರಂಭವಾದ ಮೇಲೂ ಕೆಲವು ವರ್ಷ ಸೊಂಟದ ಮೂಳೆಗಳು ಬೆಳೆಯುತ್ತಲೇ ಇರುತ್ತವೆ; ಅದಕ್ಕೆ ಮೊದಲೇ ಬಸಿರಾದರೆ ಮಗುವಿನ ತಲೆ ಹೊರಬರಲು ದಾರಿ ಸಾಲದೆ ಹೆರಿಗೆ ತಡೆದು ನಿಲ್ಲಬಹುದು, ಸಕಾಲಕ್ಕೆ ಚಿಕಿತ್ಸೆ ಸಿಗದಿದ್ದರೆ ಮೂತ್ರಕೋಶಕ್ಕೆ ರಂಧ್ರವಾಗಿ ಮೂತ್ರ ಸದಾ ಸೋರುವ ಸ್ಥಿತಿಯೂ ಬರಬಹುದು. ರಕ್ತದೊತ್ತಡ ಏರಿ ಫಿಟ್ಸ್ ಬರುವುದು, ಬಾಣಂತಿಗೆ ಗರ್ಭಕೋಶದ ಸೋಂಕು ತಗಲುವುದು, ಮಗು ದಿನ ತುಂಬದೆ ಅಥವಾ ಎರಡೂವರೆ ಕಿಲೋಗಿಂತ ಕಡಿಮೆ ತೂಕದಲ್ಲಿ ಹುಟ್ಟುವುದು, ಇವೆಲ್ಲ 20 ದಾಟಿದವರಿಗಿಂತ ಹದಿಹರೆಯದ ತಾಯಂದಿರಲ್ಲಿ ಹೆಚ್ಚು. ಬಸುರಿಯಲ್ಲಿ ಹಿಮೋಗ್ಲೋಬಿನ್ ಕನಿಷ್ಠ 11 ಗ್ರಾಂ ಇರಬೇಕು. ಆದರೆ ತಾನೇ ಇನ್ನೂ ಬೆಳೆಯುತ್ತಿರುವ ಹುಡುಗಿಯ ದೇಹಕ್ಕೂ ಹೊಟ್ಟೆಯ ಕೂಸಿಗೂ ಅದೇ ಒಂದು ತಟ್ಟೆಯ ಮುದ್ದೆ, ಸಾರು ಹಂಚಿಹೋಗಬೇಕು. ವಯಸ್ಸು ಬಯಲಾದೀತೆಂದು ತಾಯಿ ಕಾರ್ಡ್ ಮಾಡಿಸಲೂ ಹಿಂಜರಿಯುವುದರಿಂದ ತಪಾಸಣೆ ತಡವಾಗಿ, ಅಪಾಯ ಇಮ್ಮಡಿಸುತ್ತದೆ. ಸೋದರಮಾವನ ರಕ್ತಸಂಬಂಧದಿಂದ ಮಗುವಿಗೆ ಆನುವಂಶಿಕ ಕಾಯಿಲೆ ಬರುವ ಸಾಧ್ಯತೆಯೂ ಇದಕ್ಕೆ ಸೇರುತ್ತದೆ. ನಿಮ್ಮವ್ವ ಹೆತ್ತು ಬದುಕಿದ್ದು ನಿಜ. ಅವರ ಓರಗೆಯವರಲ್ಲಿ ಹೆರಿಗೆಯಲ್ಲೇ ತೀರಿಕೊಂಡವರೆಷ್ಟು, ಮಣ್ಣಾದ ಕೂಸುಗಳೆಷ್ಟು ಎಂದು ಅವರನ್ನೇ ಮೆಲ್ಲಗೆ ಕೇಳಿ ನೋಡಿ.

ಪ್ರಸ್ತ ಮುಂದೂಡುವ ಮಾತನ್ನು ನಾನು ನಂಬಲಾರೆ. ತಾಳಿ ಬಿದ್ದ ಮೇಲೆ ಉಗಾದಿ, ಜಾತ್ರೆ ಎಂದು ಹುಡುಗಿ ಹೋಗಿಬರುವುದು ತಪ್ಪುವುದಿಲ್ಲ, ಆಗ ತಡೆಯುವವರು ಯಾರು? ಕಾನೂನಿಗಂತೂ ತಾಳಿ ಕಟ್ಟಿದ ದಿನವೇ ಅದು ಬಾಲ್ಯವಿವಾಹ. 2006ರ ನಿಷೇಧ ಕಾಯ್ದೆಗೆ ಕರ್ನಾಟಕ ತಂದ ತಿದ್ದುಪಡಿಯಂತೆ ಅಂಥ ಮದುವೆ ಮೊದಲಿನಿಂದಲೇ ಅಸಿಂಧು. ಮದುವೆಯಾದ ವಯಸ್ಕ ಗಂಡಿಗೂ ಮಾಡಿಸಿದವರಿಗೂ 2 ವರ್ಷದವರೆಗೆ ಸಜೆ, 1 ಲಕ್ಷ ರೂಪಾಯಿವರೆಗೆ ದಂಡ ಬೀಳಬಹುದು. 18 ತುಂಬದ ಹೆಂಡತಿಯೊಡನೆ ದೈಹಿಕ ಸಂಬಂಧ ಅತ್ಯಾಚಾರವೆಂದು ಸುಪ್ರೀಂ ಕೋರ್ಟ್ 2017ರಲ್ಲೇ ಹೇಳಿದೆ. ನಿಮ್ಮ ತಮ್ಮನಿಗೆ ಇದನ್ನು ಮೊದಲು ತಿಳಿಸಿ. ಅವನೇ ಒಲ್ಲೆನೆಂದರೆ ಅರ್ಧ ಕೆಲಸವಾದಂತೆ.

ನಿಮ್ಮ ಪತ್ರದಲ್ಲಿ ಹುಡುಗಿಗೆ ಏನು ಬೇಕೆಂಬುದೇ ಇಲ್ಲ. ಅವಳನ್ನು ಕೇಳಿ. ನಿಮ್ಮಕ್ಕನ ಭಯ ಸುಳ್ಳಲ್ಲವಾದ್ದರಿಂದ ಅದಕ್ಕೆ ಉತ್ತರ ಹುಡುಕಿಕೊಂಡೇ ಮಾತಿಗೆ ಕೂರಬೇಕು: ಪಿಯುಸಿಗೆ ಸೇರಿಸಿ, ಚಳ್ಳಕೆರೆಯಲ್ಲೋ ಚಿತ್ರದುರ್ಗದಲ್ಲೋ ಸರ್ಕಾರದ ಮೆಟ್ರಿಕ್ ನಂತರದ ಬಾಲಕಿಯರ ಹಾಸ್ಟೆಲ್‌ಗೆ ಅರ್ಜಿ ಹಾಕಿಸಿ. ಅಷ್ಟಾದರೂ ಒಪ್ಪದಿದ್ದರೆ 1098ಕ್ಕೆ ಕರೆ ಮಾಡಿ, ಕರೆ ಮಾಡಿದವರ ಹೆಸರನ್ನು ಗುಟ್ಟಾಗಿಡುತ್ತಾರೆ. ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಗೂ ತಿಳಿಸಬಹುದು. ಈ ನಡುವೆ ಅವಳನ್ನು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದೊಯ್ದು ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ. ಹದಿಹರೆಯದವರಿಗೆ ವಾರಕ್ಕೊಂದರಂತೆ ಕಬ್ಬಿಣಾಂಶದ ಮಾತ್ರೆ ಅಲ್ಲಿ ಉಚಿತವಾಗಿ ಸಿಗುತ್ತದೆ.